ಗ್ಯಾನಮ್ಮನ ಒನ್ಸ್ ಮೋರ್

ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ ಮಿರ್ಚಿ ಕರಿಯುತ್ತಿದ್ದ ಗ್ಯಾನಮ್ಮ ಹಿಂದೆ ನಾಟಕದ ನಾಯಕಿ. ಆಕೆ ಸಾಯುವ ಸೀನಿಗೆ ಜನ ಮೂರು ಸಲ ‘ಒನ್ಸ್ ಮೋರ್’ ಕೂಗುತ್ತಿದ್ದರು. ಮೂರು ಸಲವೂ ಎದ್ದು ಕೂತು, ಹಾಡಿ, ಮತ್ತೆ ಸಾಯುತ್ತಿದ್ದಳು.

ಎಂಬತ್ತೇಳನೇ ಇಸವಿಯಲ್ಲಿ ಕಾಲುವೆ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ನನಗೊಂದು ಇಟಲಿ ಸಂಗೀತ ನಾಟಕದ ಕ್ಯಾಸೆಟ್ ಕೊಟ್ಟರು. ಅದರಲ್ಲಿ ನಾಯಕಿ ಟೀಬಿಯಾಗಿ ಹಾಡುತ್ತಲೇ ಸಾಯುತ್ತಾಳಂತೆ. ಒಂದು ಮಧ್ಯಾಹ್ನ ಗ್ಯಾನಮ್ಮನ ಅಂಗಡಿಯಲ್ಲಿ ಅದನ್ನು ಟೇಪ್‌ರೆಕಾರ್ಡರಿಗೆ ಹಾಕಿದೆ. ಕ್ಯಾಸೆಟ್ಟಿನ ನಾಯಕಿಯ ದನಿಗೆ ಮೇಲಿನ ತಗಡು ನಡುಗಿತು.

“ಟೀಬಿ ಆದಾಕಿಗೆ ಇಷ್ಟು ದಮ್ಮು ಎಲ್ಲಿಂದ ಬಂತು? ಈಕಿ ಪಾತ್ರಕ್ಕ ನಾಲಾಯಕ್,” ಅಂದ ಗ್ಯಾನಮ್ಮನ ನಾಟಕಗಳಿಗೆ ತಬಲಾ ಬಾರಿಸುತ್ತಿದ್ದ ನರಸಣ್ಣ.

“ಸಾಯಾಕ ದಮ್ಮು ಬೇಕೋ ಮೂಳಾ! ನೀ ಎಂದಾರ ಸತ್ತೀಯೇನು?” ಗ್ಯಾನಮ್ಮ ಸೌಟು ಎತ್ತಿದಳು. “ಒನ್ಸ್ ಮೋರ್!”

ಹಿಂದಕ್ಕೆ ತಿರುಗಿಸಿ ಹಾಕಿದೆ. ಸತ್ತಳು. ನರಸಣ್ಣ ಒಪ್ಪಲಿಲ್ಲ. ಮತ್ತೆ ಒನ್ಸ್ ಮೋರ್. ಕರೆಂಟಿಲ್ಲದೆ ಟೇಪು ಸೆಲ್ಲಿನ ಮೇಲೆ ಓಡುತ್ತಿತ್ತು. ಮೂರನೇ ಸಲಕ್ಕೆ ದನಿ ಎಳೆಯತೊಡಗಿತು, ಗಂಡಸಿನ ನರಳಾಟದಂತಾಯಿತು, ನಿಂತೇಬಿಟ್ಟಿತು.

ನರಸಣ್ಣ ಟೋಪಿ ತೆಗೆದ.

“ಸೆಲ್ಲು ಮುಗಿದಾವ...” ಅನ್ನಹೋದೆ.

“ಹೆಣದ ಮುಂದ ಸುಮ್ನಿರಲೇ!” ಗ್ಯಾನಮ್ಮ ಒಲೆ ಆರಿಸಿ, ಟೇಪಿನ ಮೇಲೆ ಟವೆಲ್ ಹೊದಿಸಿದಳು. “ಮೂವತ್ತು ವರ್ಷ ಸತ್ತೀನಿ. ಒಮ್ಮೀನೂ ಇಷ್ಟು ಚಂದ ಸಾಯಾಕ ಆಗಲಿಲ್ಲ ನನಗ.”