ಟೀವಿಯಲ್ಲಿ ಬಂದ ಅರ್ಧ ಮಾತು

ನನಗೆ ಟೀವಿ ಅಂದರೆ ಆಗುವುದಿಲ್ಲ. ನಮ್ಮೆಜಮಾನರು ತೀರಿಕೊಂಡ ಮೇಲೆ ಕೇಬಲ್ಲೇ ತೆಗೆಸಿಬಿಟ್ಟೆ. ಅವರಿದ್ದಾಗ ಸುದ್ದಿಯವರನ್ನು ಬೈಯುವುದಕ್ಕಾದರೂ ಇಬ್ಬರಿದ್ದೆವು. ಒಬ್ಬಳೇ ಕೂತು ಬೈಯುತ್ತಿದ್ದರೆ ಕೇಳಿದವರು ಏನೆಂದುಕೊಳ್ಳುತ್ತಾರೆ? ಹಾಗಿದ್ದೂ ಮೊನ್ನೆ ಮೊನ್ನೆಯವರೆಗೆ ದಿನಾ ಸಂಜೆ ದೇವರ ದೀಪ ಹಚ್ಚಿ, ಚಿಲಕ ಹಾಕಿಕೊಂಡು, ಪಕ್ಕದ ಮನೆಗೆ ಟೀವಿ ನೋಡಲು ಹೋಗುತ್ತಿದ್ದೆ. ಹೋಗುತ್ತಿದ್ದುದು ಟೀವಿಗಲ್ಲ, ಆ ಮನೆಯಾಕೆಗೆ.

ಆಕೆಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಮಾಗಡಿ ಕಡೆಯ ಒಕ್ಕಲು ಮನೆತನದವರು, ಮದುವೆಯಾಗಿ ಬಸವನಗುಡಿಗೆ ಬಂದವರು. ನಾನು ಇದೇ ಬೀದಿಯಲ್ಲಿ ಹುಟ್ಟಿ, ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಪೌರನೀತಿ ಪಾಠ ಹೇಳಿ ನಿವೃತ್ತಳಾದವಳು. ಆಕೆಯ ಮಗ ಸೈಟು ವ್ಯಾಪಾರ ಮಾಡುತ್ತಾನೆ, ಜೊತೆಗೆ ಒಂದು ಪಕ್ಷಕ್ಕೆ ಓಡಾಡುತ್ತಾನೆ. ನಾನು ಯಾವ ಪಕ್ಷದವಳೂ ಅಲ್ಲ. ನನಗೆ ಎಲ್ಲರ ಮೇಲೂ ಸಮವಾಗಿ ಸಿಟ್ಟಿದೆ.

ನಮ್ಮಿಬ್ಬರದೊಂದು ಆಟವಿತ್ತು. ಚುನಾವಣೆಯ ಚರ್ಚೆ ಶುರುವಾದ ಕೂಡಲೇ ಆಕೆ ರಿಮೋಟು ಒತ್ತಿ ಸೌಂಡ್ ತೆಗೆದುಬಿಡುತ್ತಿದ್ದರು. ಅಲ್ಲಿ ಕಿರುಚಾಡುವವರಿಗೆ ಆಮೇಲೆ ನಾವೇ ಮಾತು ಕೊಡುವುದು. ಕೋಟು ಹಾಕಿದ ನಿರೂಪಕ ನನ್ನ ಪಾಲಿಗೆ, ಬಿಳಿ ಅಂಗಿಯ ವಕ್ತಾರರೆಲ್ಲ ಆಕೆಯ ಪಾಲಿಗೆ.

"ನೇರವಾಗಿ ಉತ್ತರ ಕೊಡಿ, ಹುಳಿಗೆ ಬೆಲ್ಲ ಹಾಕಿದ್ದು ಯಾರು?" ಎಂದು ನಾನು ಗದರುತ್ತಿದ್ದೆ.

"ಅದು ಹಿಂದಿನ ಸರ್ಕಾರದೋರು ಹಾಕಿದ್ದು ಸಾರ್, ನಾವು ಬರೀ ಒಗ್ಗರಣೆ ಕೊಟ್ಟಿರೋದು" ಎಂದು ಆಕೆ ಎದೆ ತಟ್ಟಿಕೊಳ್ಳುತ್ತಿದ್ದರು.

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಇಡೀ ದಿನದಲ್ಲಿ ನಾನು ಬಾಯಿ ತುಂಬಾ ಮಾತಾಡುತ್ತಿದ್ದುದು ಆ ಒಂದು ಹೊತ್ತಿನಲ್ಲಿ ಮಾತ್ರ. ಮಕ್ಕಳಿಲ್ಲದ ಮನೆ, ಯಜಮಾನರೂ ಇಲ್ಲ. ಹಾಲಿನವನಿಗೆ 'ನಾಳೆ ಅರ್ಧ ಲೀಟರ್ ಸಾಕಪ್ಪ' ಅನ್ನುವುದನ್ನು ಮಾತು ಅನ್ನಲಾದೀತೇ?

ಪ್ರಚಾರ ಜೋರಾಗಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ನಾವಿಬ್ಬರೂ ಗಾಂಧಿ ಬಜಾರಿನಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಆರಿಸುತ್ತಿದ್ದೆವು. ಚಾನೆಲ್ಲಿನ ಹುಡುಗಿಯೊಬ್ಬಳು ಮೈಕು ಹಿಡಿದು ಬಂದಳು, ಹಿಂದೆ ಕ್ಯಾಮೆರಾದವನು.

"ಅಮ್ಮಾ, ಈ ಸಲ ನಿಮ್ಮ ಏರಿಯಾದಲ್ಲಿ ಯಾರ ಗಾಳಿ?"

"ಗಾಳಿ ಎಲ್ಲಿದೆಯಮ್ಮ, ಬರೀ ಧೂಳು" ಎಂದೆ. ಅವಳು ನಗಲಿಲ್ಲ. ಪಕ್ಕದ ಮನೆಯ ಹುಡುಗ ಯಾರಿಗಾಗಿ ಓಡಾಡುತ್ತಿದ್ದನೋ ಆ ಅಭ್ಯರ್ಥಿಯ ಹೆಸರು ಹೇಳಿ, ಅವರ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದಳು.

ನಾನು ಮೇಷ್ಟರ ಜಾತಿ, ಕೇಳಿದರೆ ಪೂರ್ತಿ ಉತ್ತರ ಕೊಡುವವಳು. "ಹೋದ ಸಲ ಕೈ ಮುಗ್ದು ಹೋದೋರು ಆಮೇಲೆ ನಮ್ಮ ಬೀದಿ ಕಡೆ ತಲೆ ಹಾಕಿಲ್ಲ, ಅದು ನಿಜ. ಆದ್ರೆ ಅವರ ಕಡೆ ಹುಡುಗ ನಮ್ಮ ಪಕ್ಕದ್ಮನೇಲೇ ಇದಾನೆ. ನೀರಿಲ್ಲ ಅಂದ್ರೆ ಟ್ಯಾಂಕರ್ ತರಿಸ್ತಾನೆ. ನಮ್ಮನೆಯವ್ರು ಹೋದಾಗ ಅವರನ್ನ ಆಸ್ಪತ್ರೆಯಿಂದ ಮನೆಗೆ ತಂದಿದ್ದೂ ಅವನೇ. ದೊಡ್ಡೋರ ಮುಖ ನೋಡಿ ಅಲ್ಲ, ಆ ಹುಡುಗನ ಮುಖ ನೋಡಿ ನಾನು ವೋಟ್ ಹಾಕ್ತೀನಿ" ಎಂದೆ.

ಆಕೆ ಕೈಯಲ್ಲಿ ಮಾವಿನಕಾಯಿ ಹಿಡಿದು ಹಾಗೇ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. "ನನ್ ಮಗನ್ನ ಟೀವಿಲಿ ಹೊಗಳ್ಬಿಟ್ರಲ್ಲ" ಎಂದು ನನ್ನ ತೋಳು ಹಿಡಿದುಕೊಂಡರು. ಆಮೇಲೆ, "ಅವನಿಗೆ ಈಗ್ಲೇ ಹೇಳೋದು ಬೇಡ, ಅವನೇ ನೋಡ್ಲಿ" ಎಂದರು. ನಾನೂ ಹೂಂ ಎಂದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ ಅದು. ಚಾನೆಲ್ಲಿನವರನ್ನು ನಂಬಿ ಯಾರಾದರೂ ಗುಟ್ಟು ಮಾಡುತ್ತಾರೆಯೇ?

ಆ ಸಂಜೆ ಆಕೆ ಮಗನನ್ನು ಬಲವಂತವಾಗಿ ಮನೆಯಲ್ಲಿ ಕೂರಿಸಿದ್ದರು. ಅವನು ತನ್ನ ಪಕ್ಷದ ನಾಲ್ಕೈದು ಜನರನ್ನೂ ಕರೆತಂದಿದ್ದ. ಎಲ್ಲರಿಗೂ ಪಕೋಡ, ಕಾಫಿ. ಅವತ್ತು ನಾವು ಸೌಂಡ್ ತೆಗೆಯಲಿಲ್ಲ, ಜಾಸ್ತಿ ಮಾಡಿದೆವು.

ಟೀವಿಯಲ್ಲಿ ನಾನು ಬಂದೆ. "ಹೋದ ಸಲ ಕೈ ಮುಗ್ದು ಹೋದೋರು ಆಮೇಲೆ ನಮ್ಮ ಬೀದಿ ಕಡೆ ತಲೆ ಹಾಕಿಲ್ಲ, ಅದು ನಿಜ." ಅಷ್ಟೇ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಗೃಹಿಣಿಯ ಆಕ್ರೋಶ' ಎಂದು ದೊಡ್ಡಕ್ಷರ. ಮರುಕ್ಷಣ ಬೇರೆ ಯಾವುದೋ ಊರು, ಬೇರೆ ಯಾರದೋ ಮುಖ. ಮೂವತ್ತು ವರ್ಷಕ್ಕಿಂತ ಜಾಸ್ತಿ ಪಾಠ ಮಾಡಿದವಳನ್ನು ಗೃಹಿಣಿ ಅಂದಿದ್ದಕ್ಕೂ ನನಗೆ ಮೈ ಉರಿಯಿತು, ಸುಳ್ಳೇಕೆ ಹೇಳಲಿ.

"ಪಕ್ಕದ್ಮನೆ ವೋಟೇ ಇಲ್ವಲ್ಲ ಗುರು ನಿಂಗೆ" ಎಂದು ಬಂದವರಲ್ಲೊಬ್ಬ ನಕ್ಕ. ಮಗನ ಮುಖ ಕಪ್ಪಿಟ್ಟಿತು.

"ಏನಾಂಟಿ, ನಾವೇನ್ ಕಮ್ಮಿ ಮಾಡಿದ್ವಿ ನಿಮಗೆ?"

"ಅಷ್ಟೇ ಅಲ್ಲಪ್ಪ ನಾನು ಹೇಳಿದ್ದು. ನಿನ್ನ ವಿಷಯಾನೇ ಜಾಸ್ತಿ ಹೇಳಿದೆ, ಅದನ್ನ ಕತ್ತರಿಸಿದಾರೆ. ನಿಮ್ಮಮ್ಮನೂ ಅಲ್ಲೇ ಇದ್ರು, ಕೇಳು."

ಅವನು ತಾಯಿಯ ಕಡೆ ತಿರುಗಿದ. "ನೀನೂ ಇದ್ಯಾ? ಇವರು ಹಿಂಗ್ ಮಾತಾಡೋದನ್ನ ನಿಂತ್ಕೊಂಡು ಕೇಳ್ತಿದ್ಯಾ?"

ಎಲ್ಲರೂ ಆಕೆಯನ್ನೇ ನೋಡಿದರು. ನಾನೂ ನೋಡಿದೆ. ನನಗೆ ಒಂಚೂರೂ ಭಯವಿರಲಿಲ್ಲ. ಆಕೆ ಪಕೋಡದ ತಟ್ಟೆಯನ್ನು ಸರಿಮಾಡುತ್ತಾ, ತಲೆ ಎತ್ತದೆ ಹೇಳಿದರು: "ನಾನು ಮಾವಿನಕಾಯಿ ಆರಿಸ್ತಿದ್ದೆ. ಸರಿಯಾಗಿ ಕೇಳಿಸ್ಲಿಲ್ಲ."

ನಾನು ಎದ್ದು ಮನೆಗೆ ಬಂದೆ. ಯಾರೂ ಕೂತ್ಕೊಳ್ಳಿ ಅನ್ನಲಿಲ್ಲ.

ಮಾರನೆಯ ದಿನ ಚಾನೆಲ್ಲಿಗೆ ಫೋನ್ ಮಾಡಿ ಜಗಳಾಡಿದೆ. ಅಲ್ಲಿದ್ದವನು ಮೆತ್ತಗೆ, "ಮೇಡಂ, ನೀವು ಹೇಳಿದ್ದನ್ನೇ ಹಾಕಿದೀವಿ, ಒಂದಕ್ಷರಾನೂ ಸೇರಿಸಿಲ್ಲ" ಎಂದ. ಅದೂ ನಿಜವೇ. "ಪೂರ್ತಿ ಇರೋದನ್ನಾದ್ರೂ ಕೊಡಿ, ಒಬ್ಬರಿಗೆ ತೋರಿಸ್ಬೇಕು" ಎಂದರೆ, ಅದನ್ನೆಲ್ಲ ಇಟ್ಟುಕೊಳ್ಳುವುದಿಲ್ಲ ಅಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಬೀದಿ ತುಂಬಾ ಇದ್ದಾರೆ. ತರಕಾರಿ ಗಾಡಿಯವನು ಕೂಡ "ಏನಮ್ಮಾ, ಚೆನ್ನಾಗಿ ಕೊಟ್ರಂತೆ" ಎಂದ. ಆ ಹುಡುಗ ಎದುರಿಗೆ ಸಿಕ್ಕರೆ ಮೊಬೈಲು ನೋಡಿಕೊಂಡು ಹೋಗಿಬಿಡುತ್ತಿದ್ದ.

ಸಂಜೆಗಳು ಮುಗಿಯುತ್ತಲೇ ಇರಲಿಲ್ಲ. ದೀಪ ಹಚ್ಚಿದ ಮೇಲೆ ಏನು ಮಾಡುವುದೆಂದು ತೋಚದೆ ಪಾತ್ರೆ ತೊಳೆದಿದ್ದನ್ನೇ ತೊಳೆಯುತ್ತಿದ್ದೆ. ಪಕ್ಕದ ಮನೆಯ ಕಿಟಕಿಯಿಂದ ಚರ್ಚೆಯ ಗದ್ದಲ ಜೋರಾಗಿ ಕೇಳಿಸುತ್ತಿತ್ತು. ಒಂದು ದಿನ ಕೂತು ಅತ್ತೆ. ಯಜಮಾನರು ಹೋದಾಗ ಅಳುವುದಕ್ಕೆ ಆಕೆಯ ಹೆಗಲಾದರೂ ಇತ್ತು. ನಾನಿನ್ನೂ ಆಕೆಯ ಮೇಲೆ ಆಸೆ ಬಿಟ್ಟಿರಲಿಲ್ಲ. ಮಗ ಜನರ ಮುಂದೆ ಗದರಿದನಲ್ಲ, ಹೆದರಿದ್ದಾರೆ, ಅವನೊಬ್ಬನೇ ಇದ್ದಾಗ ಸಮಾಧಾನದಲ್ಲಿ ಹೇಳಿಯೇ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಮತದಾನದ ದಿನ ಅಂದಂತೆಯೇ ಆ ಹುಡುಗನ ಮುಖ ನೆನೆದು ಗುಂಡಿ ಒತ್ತಿ ಬಂದೆ.

ಫಲಿತಾಂಶದ ದಿನ ಬೀದಿಯಲ್ಲಿ ಪಟಾಕಿ. ಅವರ ಅಭ್ಯರ್ಥಿ ಗೆದ್ದಿದ್ದರು. ಸಂಜೆ ಹೊತ್ತಿಗೆ ಆಕೆ ಬಾಳೆಲೆಯಲ್ಲಿ ಒಬ್ಬಟ್ಟು ಸುತ್ತಿಕೊಂಡು ನಮ್ಮ ಗೇಟಿಗೆ ಬಂದರು. ಒಳಗೆ ಬನ್ನಿ ಎಂದೆ, ಬರಲಿಲ್ಲ. ಒಮ್ಮೆ ತಮ್ಮ ಮನೆಯ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು: "ಅವತ್ತು ನೀವು ಹೇಳಿದ್ದೆಲ್ಲ ನಂಗೆ ಕೇಳಿಸಿತ್ತು."

"ಗೊತ್ತು. ಮಗನಿಗೆ ಹೇಳಿದ್ರಾ?"

ಆಕೆ ಹಗುರವಾಗಿ ನಕ್ಕರು, ದೊಡ್ಡ ಭಾರ ಇಳಿದವರ ಹಾಗೆ. "ಇನ್ಯಾಕೆ ಬಿಡಿ ಅದೆಲ್ಲ. ಗೆದ್ದಾಯ್ತಲ್ಲ. ನಾಳೆಯಿಂದ ಟೀವಿಗೆ ಬನ್ನಿ."

ಒಬ್ಬಟ್ಟು ಇಸಿದುಕೊಂಡೆ. ಬಂದದ್ದನ್ನು ಬೇಡ ಅನ್ನಬಾರದು. ಚಾನೆಲ್ಲಿನವರ ಮೇಲೆ ಇಷ್ಟು ದಿನ ಕಾಯ್ದಿಟ್ಟುಕೊಂಡಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ಅವರಿಗೆ ನಾನು ಯಾರೋ ಒಬ್ಬಳು ಗೃಹಿಣಿ, ಬೇಕಾದಷ್ಟು ತೆಗೆದುಕೊಂಡು ಹೋದರು. ಈಕೆಗೆ ನಾನು ಯಾರು ಎಂದು ಕೇಳಬೇಕೆನ್ನಿಸಿತು. "ಬರ್ತೀನಿ" ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ.