ಅತ್ತೆ ಮುರಿದ ನಟಿಗೆ

ನಾನು ಇಂಥದ್ದನ್ನು ನಂಬುವವಳಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುದುಕಿಗೆ ಅರಳುಮರಳು ಎಂದು ನೀವು ಅನ್ನಬಾರದು. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದೃಷ್ಟಿ, ಗಾಳಿ, ಮಾಟ ಎಂದು ಯಾರಾದರೂ ಶುರುಮಾಡಿದರೆ ನಕ್ಕು ಎದ್ದುಹೋಗುತ್ತಿದ್ದೆ. ದೆವ್ವ ಕಂಡೆ ಎಂದವರಿಗೆ, "ನಮ್ಮ ಮನಿಗೂ ಕಳಸ್ರಿ, ಭಾಂಡಿ ತಿಕ್ಕಾಕ ಯಾರೂ ಸಿಕ್ಕಿಲ್ಲ" ಎನ್ನುತ್ತಿದ್ದೆ. ನನ್ನ ಬಾಯಿ ಅಂಥದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗಿನ್ನೂ ನಲವತ್ತು ದಾಟಿರಲಿಲ್ಲ. ಮುಟ್ಟು ನಿಲ್ಲದೆ ಹೋಗಿ ಹೋಗಿ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಪಾಠ ಮಾಡುತ್ತ ಮಾಡುತ್ತ ಕಣ್ಣಿಗೆ ಕತ್ತಲೆ ಬಂದು ಮೇಜು ಹಿಡಿದು ನಿಲ್ಲುತ್ತಿದ್ದೆ. ಗದಗಿನ ಡಾಕ್ಟರಬಾಯಿ ನೋಡಿ, "ಗರ್ಭಚೀಲದಾಗ ಗಡ್ಡಿ ಬೆಳದಾವ. ಚೀಲಾನ ತಗದಬಿಡೂಣು" ಎಂದರು. ತೆಗೆದರು.

ಮನೆಯಲ್ಲಿ ನಾವು ನಾಲ್ಕೇ ಜನ. ನಾನು, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಮಗಳು ಶಾರಿ, ಮತ್ತೆ ನನ್ನ ಅತ್ತೆ. ಶಾರಿಗೆ ಆಗ ಏಳು ವರ್ಷ. ಅತ್ತೆ ಲಕ್ಷ್ಮೇಶ್ವರದ ಹೆಣ್ಣುಮಗಳು, ಗಟ್ಟಿ ಮುದುಕಿ. ಮೊಮ್ಮಗ ಬೇಕು ಎಂದು ಹೋದಹೋದ ಗುಡಿಯಲ್ಲೆಲ್ಲ ಹರಕೆ ಹೊತ್ತಿದ್ದಳು. ನನ್ನ ಚೀಲ ತೆಗೆದ ದಿನ ಆಕೆಯ ಆಸೆಯನ್ನೂ ತೆಗೆದಂತಾಯಿತು. ಅಲ್ಲಿಂದ ಆಕೆ ನನ್ನನ್ನು ಬದುಕಲು ಬಿಡಲಿಲ್ಲ.

ಆಪರೇಶನ್ ಆದವಳನ್ನು ಹೇಗೆ ನೋಡಿಕೊಳ್ಳಬೇಕೆಂದು ನಮ್ಮ ಕಡೆ ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಾಣಂತನ ಒಂದೇ. ಹಾಗಾಗಿ ಅತ್ತೆ ನನಗೆ ಬಾಣಂತನವನ್ನೇ ಮಾಡಿದಳು. ಮಲಗಲು ನುಲಿ ಹೆಣೆದ ಹೊರಸು, ಅದರ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನದ ಹೊಗೆ, ಕಿವಿಗೆ ಬಿಗಿಯಾಗಿ ಅರಿವೆ. ಓಣಿಯವರು ಇಣುಕಿದರೆ ನನಗೆ ಕೇಳುವಂತೆಯೇ, "ಬಾಣಂತನಾ ಮಾಡಾಕತ್ತೇನ್ರಿ. ಕೂಸು ಎಲ್ಲೈತಿ ಅಂತ ಮಾತ್ರ ಕೇಳಬ್ಯಾಡ್ರಿ" ಎನ್ನುತ್ತಿದ್ದಳು. ನಾನು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದೆ.

ನಿದ್ದೆ ಹೋದದ್ದು ಆಗಲೇ. ಹೊಟ್ಟೆಯ ಹೊಲಿಗೆ ಮಗ್ಗಲು ಬದಲಿಸಲು ಬಿಡುತ್ತಿರಲಿಲ್ಲ. ಮೈಯೊಳಗಿಂದ ಒಮ್ಮೆಲೇ ಬೆಂಕಿ ಎದ್ದು ಬೆವರು ಕಿತ್ತು ಬರುತ್ತಿತ್ತು, ಹಿಂದೆಯೇ ಚಳಿ. ಕೆಳಗೆ ಬೇರೆ ಕೆಂಡ. ಓಣಿಯ ಮಗ್ಗಗಳು ನಿಂತು, ನಾಯಿಗಳು ಸುಮ್ಮನಾಗಿ, ಅತ್ತೆಯ ಗೊರಕೆ ಒಂದೇ ಉಳಿಯುತ್ತಿತ್ತು. ಆಕೆ ತಲೆ ಇಟ್ಟರೆ ಸಾಕು, ಗೊರಕೆ. ಅದನ್ನು ಕೇಳುತ್ತ ಬೆಳಗು ಮಾಡುತ್ತಿದ್ದೆ. ಹಗಲೂ ಕಣ್ಣು ಹತ್ತುತ್ತಿರಲಿಲ್ಲ, ರೆಪ್ಪೆಯೊಳಗೆ ಉಸುಕು ಹಾಕಿದಂತೆ ಉರಿಯುತ್ತಿತ್ತು. ವಾರಗಟ್ಟಲೆ ಹೀಗಾಯಿತೆಂದರೆ ಮನುಷ್ಯರು ಮನುಷ್ಯರಾಗಿ ಉಳಿಯುವುದಿಲ್ಲ. ಒಂದು ದಿನ ಎದುರಿಗೆ ನಿಂತ ಶಾರಿಯ ಹೆಸರೇ ನೆನಪಾಗಲಿಲ್ಲ.

ನಿದ್ದೆಗೆಂದು ಡಾಕ್ಟರಬಾಯಿ ಗುಳಿಗೆ ಕೊಟ್ಟಿದ್ದರು. ಅತ್ತೆ ಅವನ್ನು ತನ್ನ ಎಲೆ-ಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಬೇಡಿದೆ, ಕೊಡಲಿಲ್ಲ.

"ಗುಳಿಗಿ ಚಟಾ ಬೀಳತೈತಿ. ಹಡದಾಕಿಗೆ ನಿದ್ದಿ ಇಲ್ಲಂದ್ರ ಖರೆ. ನೀ ಏನ ಹಡದೀಯಂತ ಎದ್ದ ಕುಂದರತಿ?"

ಆಮೇಲೆ ಮಗನ ಕಿವಿಯಲ್ಲಿ, "ಈಕಿ ತಲಿ ಕೆಟ್ಟೈತಿ. ಶಿರಹಟ್ಟಿಯಾಗ ನಮ್ಮಣ್ಣನ ಮಗಳ ಅದಾಳ, ಇನ್ನೂ ಲಗ್ನ ಆಗಿಲ್ಲ" ಎಂದು ಊದತೊಡಗಿದಳು. ನನ್ನ ಗಂಡ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ನಿದ್ದೆ ಬಾರದಿದ್ದರೆ ನನಗೆ ನಿಜವಾಗಿಯೂ ಹುಚ್ಚು ಹಿಡಿಯುತ್ತದೆ, ಹಿಡಿದರೆ ಈ ಮನೆ ನನ್ನದಲ್ಲ, ಶಾರಿಯೂ ನನ್ನವಳಲ್ಲ ಎಂಬುದು ನನಗೆ ಸ್ಪಷ್ಟವಿತ್ತು.

ಒಂದು ಮಧ್ಯಾಹ್ನ ಮುಳಗುಂದದಿಂದ ನನ್ನ ಚಿಕ್ಕಮ್ಮ ನೋಡಲು ಬಂದಳು. ಓಣಿಯ ಹೆಂಗಸರೂ ಬಂದು ಕುಳಿತರು. ಜನ ಸೇರಿದರೆ ಅತ್ತೆಯ ದನಿ ಬೆಲ್ಲವಾಗುತ್ತಿತ್ತು. "ನನ್ನ ಹೊಟ್ಟೀಲೆ ಹುಟ್ಟಿದ ಮಗಳಿದ್ದಂಗ ನೋಡ್ರಿ. ಕಣ್ಣಿಗಿ ನಿದ್ದಿ ಇಲ್ಲ ನನ್ನವ್ವಗ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಸಿನ ಹತ್ತಿರ ಬಂದಳು.

ನಟಿಗೆ ಮುರಿಯುವುದು ನಿಮಗೆ ಗೊತ್ತೇ ಇರುತ್ತದೆ. ದೊಡ್ಡವರು ಸಣ್ಣವರ ಮುಖದ ಮೇಲಿಂದ ಎರಡೂ ಕೈ ಇಳಿಸಿ, ಬೆರಳು ಮಡಚಿ, ತಮ್ಮ ಕಪಾಳಕ್ಕೆ ಒತ್ತಿ ಲಟಲಟ ಮುರಿಯುತ್ತಾರೆ. ನಿನ್ನ ಕೆಡುಕು ನನಗೆ ಬರಲಿ ಎಂದು ಅದರ ಅರ್ಥ. ಸಣ್ಣವರು ದೊಡ್ಡವರಿಗೆ ಮುರಿಯುವುದಿಲ್ಲ, ಮುರಿಯಬಾರದು. ದಿನಾ ಸಾವಿರ ಮನೆಗಳಲ್ಲಿ ಮುರಿಯುತ್ತಾರೆ, ಅರ್ಥ ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಅತ್ತೆಯ ಮನಸ್ಸಿನಲ್ಲಂತೂ ಇರಲೇ ಇಲ್ಲ. ಆಕೆಗೆ ಬೇಕಾದದ್ದು ನೋಡುವವರು.

"ನಿನ್ನ ನಿದ್ದಿಗೇಡ ಎಲ್ಲಾ ನನಗ ಬರ್ಲಿ. ನನ್ನ ನಿದ್ದಿ ನಿನಗ ಬರ್ಲಿ, ನನ್ನವ್ವಾ!" ಎಂದು ಮುರಿದಳು. ಹತ್ತೂ ಬೆರಳು ಸದ್ದು ಮಾಡಿದವು. ಚಿಕ್ಕಮ್ಮ ಬೆರಗಾಗಿ, "ಇಂಥಾ ಅತ್ತಿ ಸಿಗಾಕ ಪುಣ್ಯಾ ಮಾಡಿರಬೇಕು" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಆ ರಾತ್ರಿ ನಾನು ನಿದ್ದೆ ಮಾಡಿದೆ.

ಮಲಗಿದ್ದು ನೆನಪಿದೆ, ಶಾರಿ ಹೆಗಲು ಅಲುಗಿಸಿದ್ದು ನೆನಪಿದೆ. ನಡುವೆ ಏನೂ ಇಲ್ಲ. ಅಂಗಳದಲ್ಲಿ ಬಿಸಿಲು ಬಂದಿತ್ತು, ಕೆಂಡ ಬೂದಿಯಾಗಿತ್ತು. ಅತ್ತೆ ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಕೆಂಪಗೆ.

"ರಾತ್ರಿ ಕಣ್ಣ ಹತ್ತಲಿಲ್ಲ" ಎಂದಳು. "ಮೈಯಾಗ ಬೆಂಕಿ ಎದ್ದಂಗ ಆಗತೈತಿ. ಇಲ್ಲಿ ಜಗ್ಗತೈತಿ." ಹೀಗೆಂದು ಹೊಟ್ಟೆಯ ಕೆಳಗೆ ಬೆರಳಿನಿಂದ ಅಡ್ಡಗೆರೆ ಎಳೆದು ತೋರಿಸಿದಳು. ನನ್ನ ಹೊಲಿಗೆ ಇದ್ದದ್ದು ಅಲ್ಲೇ. ಅದು ಬಲಗಡೆ ಸ್ವಲ್ಪ ಸೊಟ್ಟಗಿತ್ತು. ಆಕೆ ಒಂದು ದಿನವೂ ನನ್ನ ಗಾಯ ನೋಡಿದವಳಲ್ಲ, ಅಸಹ್ಯಪಡುತ್ತಿದ್ದಳು. ಆದರೂ ಆಕೆಯ ಬೆರಳು ಬಲಗಡೆ ಬಂದಾಗ ಸೊಟ್ಟಗಾಯಿತು.

ಅಂದಿನಿಂದ ಆಕೆಗೆ ನಿದ್ದೆ ಬರಲಿಲ್ಲ. ನನಗೆ ಹೊತ್ತು ಮುಳುಗಿದರೆ ಸಾಕು, ಕಣ್ಣು ಎಳೆಯುತ್ತಿತ್ತು. ಮೈ ತುಂಬಿಕೊಂಡೆ, ಗಾಯ ಒಣಗಿತು. ಅತ್ತೆ ಚೀಲದಲ್ಲಿ ಬಚ್ಚಿಟ್ಟ ನನ್ನ ಗುಳಿಗೆಗಳನ್ನು ತಾನೇ ತಿಂದು ಮುಗಿಸಿದಳು. ಏನೂ ಆಗಲಿಲ್ಲ. ಡಾಕ್ಟರಬಾಯಿಯ ಹತ್ತಿರ ಕರೆದೊಯ್ದರೆ, ವಯಸ್ಸಾಯಿತು, ಚಿಂತೆ ಬಿಡಿ ಎಂದರು. ಶಿರಹಟ್ಟಿಯ ಲಗ್ನದ ಮಾತು ತಾನೇ ನಿಂತುಹೋಯಿತು. ಗೋಡೆ ಹಿಡಿದು ನಡೆಯುವವಳು ಯಾರ ಲಗ್ನ ಮಾಡಿಯಾಳು?

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಒಂದು ಬೆಳಿಗ್ಗೆ ಬೇಕೆಂದೇ ಕೇಳಿದೆ: "ನೀವೇನ ಹಡದೀರಂತ ಎದ್ದ ಕುಂತೀರಿ, ಅತ್ತಿ?" ಆಕೆ ನನ್ನ ಕೈ ಹಿಡಿದು, "ವಾಪಸ್ ತಗೋ. ನಿಂದು ನಿನಗ. ನನಗೊಮ್ಮೆ ನಟಿಗಿ ಮುರಿ" ಎಂದಳು. ನಾನು ನಕ್ಕೆ. ಅದೆಲ್ಲ ಸುಳ್ಳು, ಸಣ್ಣವರು ದೊಡ್ಡವರಿಗೆ ಮುರಿಯುವುದೂ ಇಲ್ಲ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ನಾನು ಮತ್ತೆ ಶಾಲೆಗೆ ಹೋಗತೊಡಗಿದ ಹೊಸತು. ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಅತ್ತೆಯ ದನಿ ಕೇಳಿತು, ಅದೇ ಬೆಲ್ಲದ ದನಿ.

"ಅಜ್ಜಿ ಮಾರಿ ಮ್ಯಾಲಿಂದ ಕೈ ಇಳಸು. ಹಾಂ, ಶಾಣ್ಯಾಕಿ ನನ್ನ ಮಗಳ. ಈಗ ಅನ್ನು, ಅಜ್ಜೀ, ನಿನ್ನ ನಿದ್ದಿಗೇಡ ಎಲ್ಲಾ ನನಗ ಬರ್ಲಿ."

ಶಾರಿ ಆಕೆಯ ತೊಡೆಯ ಮೇಲೆ ಕುಳಿತಿದ್ದಳು. ಅಂದಳು. ಆಟವೆಂದು ನಗುತ್ತ ಅಂದಳು. ಬೆರಳು ಮಡಚಿ ಕಪಾಳಕ್ಕೆ ಒತ್ತುತ್ತಿದ್ದಳು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಎರಡೂ ಕೈ ಹಿಡಿದು ಜಗ್ಗಿದೆ. ಮಗು ಚೀರಿತು. ಲಟ್ ಎಂದು ಒಂದು ಸದ್ದಾಯಿತು. ಅದು ಶಾರಿಯ ಬೆರಳೋ, ಹಿಡಿದ ರಭಸಕ್ಕೆ ನನ್ನದೇ ಬೆರಳೋ, ಅಂದೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. "ಹೇಸಿ ಮುದುಕಿ, ಕೂಸಿನ ನಿದ್ದಿನೂ ತಿಂತೀಯಾ?" ಎಂದು ಕೂಗಿದೆ. ವಿಜ್ಞಾನ ಕಲಿಸುವವಳು ನಾನು. ಅತ್ತೆ ಸೆರಗು ಬಾಯಿಗೊತ್ತಿ ಅತ್ತಳು.

ಅಂದಿನಿಂದ ಬೆಳಗಿನ ಜಾವ ಅತ್ತೆಗೆ ಒಂದಿಷ್ಟು ಕಣ್ಣು ಹತ್ತತೊಡಗಿತು. ಒಂದು ಬೆರಳಿನಷ್ಟು ಎನ್ನಿ. ಆ ಹೊತ್ತಿಗೇ ಶಾರಿ ಎದ್ದು ಹಾಸಿಗೆಯಲ್ಲಿ ಕುಳಿತಿರುತ್ತಿದ್ದಳು. ಯಾಕವ್ವಾ ಎಂದರೆ, ಸುಮ್ಮನೆ ಎಚ್ಚರ ಆತು ಎನ್ನುತ್ತಿದ್ದಳು. ಅತ್ತೆ ಎಂಬತ್ತರ ದಶಕದಲ್ಲಿ ತೀರಿಕೊಂಡಳು. ಶಾರಿಯ ಎಚ್ಚರ ಮಾತ್ರ ಹಾಗೇ ಉಳಿಯಿತು.

ಎಲ್ಲದಕ್ಕೂ ಕಾರಣ ಹೇಳಬಹುದು. ನನ್ನ ಮೈ ಸುಧಾರಿಸುವ ಹೊತ್ತು ಬಂದಿತ್ತು, ಸುಧಾರಿಸಿತು. ಮುದುಕಿಗೆ ವಯಸ್ಸಿನ ನಿದ್ದೆಗೇಡು. ಮಗು ಹೆದರಿತ್ತು. ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಹಾಗಿದ್ದರೆ ಅಂದು ಓಡಿದ್ದೇಕೆ ಎಂಬಲ್ಲಿಗೆ ಬಂದು ಪಾಠ ನಿಲ್ಲುತ್ತದೆ.

ಶಾರಿ ಈಗ ಮುಂಡರಗಿಯ ಸೊಸೆ. ಹೋದ ತಿಂಗಳು ಆಕೆಗೂ ಅದೇ ಆಪರೇಶನ್ ಆಯಿತು. ನೋಡಲು ಹೋದೆ. ಕಣ್ಣಿನ ಸುತ್ತ ಕಪ್ಪು. "ಬೆಳಗಿನ ಜಾವದ್ದಷ್ಟ ಅಲ್ಲವ್ವಾ, ಈಗ ಇಡೀ ರಾತ್ರಿ ನಿದ್ದಿ ಬರವಲ್ದು" ಎಂದಳು. ನಾನು ಬಾಗಿಲು ಹಾಕಿದೆ. ನೋಡುವವರು ಯಾರೂ ಇರಲಿಲ್ಲ. ಮಗಳ ಮುಖದ ಮೇಲಿಂದ ಎರಡೂ ಕೈ ಇಳಿಸಿ, ನಿನ್ನದೆಲ್ಲ ನನಗೆ ಬರಲಿ ಎಂದೆ. ಹುಟ್ಟಿದಾಗಿನಿಂದ ಅಷ್ಟು ಮನಸ್ಸಿಟ್ಟು ಏನನ್ನೂ ಅಂದವಳಲ್ಲ. ಬೆರಳು ಮಡಚಿ ಕಪಾಳಕ್ಕೆ ಒತ್ತಿದೆ. ಮತ್ತೆ ಒತ್ತಿದೆ. ಹತ್ತರಲ್ಲಿ ಒಂದೂ ಸದ್ದು ಮಾಡಲಿಲ್ಲ.

ಆ ರಾತ್ರಿ ಅವಳ ಮಂಚದ ಪಕ್ಕದಲ್ಲೇ ಹಾಸಿಕೊಂಡೆ. ಎಚ್ಚರ ಇರಬೇಕು ಎಂದುಕೊಂಡೆ. ಕಣ್ಣು ತೆರೆದಾಗ ಬಿಸಿಲು ಬಿದ್ದಿತ್ತು. ಶಾರಿ ದಿಂಬಿಗೆ ಒರಗಿ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ಎಷ್ಟ ಛಲೋ ನಿದ್ದಿ ಮಾಡ್ತಿಯವ್ವಾ ನೀ" ಎಂದಳು.