ಕೊನಾಡು ಅಜ್ಜಿಯ ಬಿಳಿ ಚುಕ್ಕೆ

ಕುಮಾಸಿ ಸಂತೆಯಲ್ಲಿ ನನ್ನ ಗುಂಡಿ-ದಾರದ ಅಂಗಡಿಯ ಪಕ್ಕದ ಬಟ್ಟೆ ವ್ಯಾಪಾರಿ ಕೊನಾಡು ಅಜ್ಜಿ, ಗಿರಾಕಿ ಬಂದರೆ ಬಟ್ಟೆಗಿಂತ ಮೊದಲು ತನ್ನ ಮೆದುಳಿನ ಸ್ಕ್ಯಾನ್ ಚಿತ್ರ ಬಿಚ್ಚಿ ತೋರಿಸುತ್ತಾಳೆ. ಹೋದ ತಿಂಗಳು ಹತ್ತು ನಿಮಿಷ ಮಾತು ನಿಂತು ತಾನಾಗಿ ಮರಳಿದಾಗ ತೆಗೆಸಿದ್ದು. "ನೋಡೇ ತಾಯಿ, ಈ ಬಿಳಿ ಚುಕ್ಕೆ ಒಂದೇ ಹೊಸದು. ಮಾತ್ರೆ ತಪ್ಪಿಸ್ಬೇಡ ಅಂದ್ರು ಡಾಕ್ಟ್ರು." "ಈ ಚುಕ್ಕೆ ಬಟ್ಟೆ ನಂಗೂ ಎರಡು ಗಜ ಹರಿದ್ಕೊಡಜ್ಜಿ" ಎಂದು ನಾನು ಕೆಣಕಿದರೆ, "ನಿನ್ ತಲೆ ಚಿತ್ರ ತೆಗೆಸಿದ್ರೆ ಬರೀ ಖಾಲಿ ಬರತ್ತೆ, ಸುಮ್ನಿರೋ!" ಎನ್ನುತ್ತಾಳೆ. ಆದರೆ ನಮ್ಮಲ್ಲಿ ಪ್ರತಿ ಬಟ್ಟೆಯ ಚಿತ್ತಾರಕ್ಕೂ ಗಾದೆಯಂಥ ಒಂದು ಹೆಸರು, ಗಿರಾಕಿಗಳು ಕೇಳುವುದೂ ಆ ಹೆಸರು ಹಿಡಿದೇ; ಹೆಸರು ಮರೆತವಳಿಗೆ ವ್ಯಾಪಾರವಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ, ಯಾರೂ ಬರುವ ಮೊದಲು, ಒಂದೊಂದು ಬಟ್ಟೆಯ ಥಾನನ್ನೂ ಮುಟ್ಟಿ ಮೆಲ್ಲಗೆ ಹೆಸರು ಹೇಳಿಕೊಳ್ಳುತ್ತಾಳೆ. ಮೊದಲ ವಾರ ನಾಲ್ಕು ಹೆಸರು ನೆನಪಿಗೆ ಬರಲಿಲ್ಲ. ನಿನ್ನೆಗೆ ಒಂದೇ ಉಳಿದಿತ್ತು. ನಾನು ಕೇಳಿಸದವನಂತೆ ಗುಂಡಿ ಜೋಡಿಸುತ್ತೇನೆ, ಹೇಳಿಕೊಡುವುದಿಲ್ಲ. ಇವತ್ತು ಆ ಉಳಿದ ನೀಲಿ ಹಕ್ಕಿಯ ಥಾನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತವಳು, ಇಡೀ ಸಾಲಿಗೆ ಕೇಳುವಂತೆ ಅದರ ಹೆಸರು ಕೂಗಿದಳು: "ಸವತಿಗೆ ನಿದ್ದೆ ಬರದಿರಲಿ!"